ಆರು ತಿಂಗಳು, ಎಂಟು ದಿನ

ಅಕ್ಕನ ಫೋನ್ ಬಂದಾಗ ನಾನು ಬೆಳಗಿನ ಟೀಮ್ ಮೀಟಿಂಗಲ್ಲಿದ್ದೆ. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಮೂರನೇ ಸಲಕ್ಕೆ ಏನೋ ಆಗಿದೆ ಅನ್ನಿಸಿ ಎತ್ತಿದೆ.

"ಪುಟ್ಟಿಗೆ ಎಲ್ಲಾ ಎರಡೆರಡು ಕಾಣ್ತಿದೆಯಂತೆ ಕಣೋ. ಗೋಡೆ ಗಡಿಯಾರ ಎರಡು, ಅವರಪ್ಪ ಇಬ್ಬರು. ನಡಿ ಅಂದ್ರೆ ಎಡಕ್ಕೆ ವಾಲ್ತಾಳೆ."

ಅವತ್ತು ಮಾರ್ಚ್ 28. ಏಳನೇ ಕ್ಲಾಸಿನ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಪುಟ್ಟಿಗೆ ಆಗ 13 ತುಂಬಿ ಎರಡು ತಿಂಗಳು. ದಾವಣಗೆರೆಯಲ್ಲಿ ತೋರಿಸಿದ ಡಾಕ್ಟರ್ "ತಡಮಾಡಬೇಡಿ, ಬೆಂಗಳೂರಿಗೆ ಕರ್ಕೊಂಡ್ಹೋಗಿ" ಅಂದರು. ರಾತ್ರಿ ಹೊತ್ತಿಗೆ ಎಲ್ಲರೂ ನನ್ನ ಒಂದು ಬೆಡ್‌ರೂಮಿನ ಮನೆಯಲ್ಲಿದ್ದರು. ಪುಟ್ಟಿ ಒಂದು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಟಿವಿ ನೋಡ್ತಾ ಇದ್ದಳು. ಒಂದು ಕಣ್ಣು ಮುಚ್ಚಿದರೆ ಎರಡು ಚಿತ್ರ ಒಂದಾಗುತ್ತೆ ಅಂತ ಅವಳೇ ಕಂಡುಕೊಂಡಿದ್ದಳು.

ಮಾರನೇ ದಿನ ನ್ಯೂರಾಲಜಿಸ್ಟ್ ಪರೀಕ್ಷೆ ಮಾಡುತ್ತಾ ಕೇಳಿದರು: "ಇದಕ್ಕೆ ಮುಂಚೆ ಯಾವಾಗಾದ್ರೂ ಕಣ್ಣು ಮಂಜಾಗಿತ್ತಾ? ಕೈಕಾಲು ಜುಮ್ ಅಂದಿತ್ತಾ?"

ಅಕ್ಕ "ಇಲ್ಲ ಡಾಕ್ಟ್ರೇ, ಆರೋಗ್ಯವಾಗೇ ಇದ್ಲು" ಅಂದಳು. ಪುಟ್ಟಿ ಮೆಲ್ಲಗೆ ಬಾಯಿಬಿಟ್ಟಳು. "ಗಣಪತಿ ಹಬ್ಬದಾಗ ದಾಸವಾಳ ಇಟ್ಟಂಗಿ ಬಣ್ಣ ಕಾಣ್ತಿತ್ತಲ್ಲಮ್ಮ."

ಅಕ್ಕನ ಮುಖ ನೋಡಬೇಕಿತ್ತು. ಆಗ ಆ ಮಾತಿಗೆ ಎಲ್ಲರೂ ನಕ್ಕಿದ್ದೆವು. ಎಡಗಣ್ಣು ಅಲ್ಲಾಡಿಸಿದರೆ ನೋವು ಅಂದಿದ್ದಳು, ಬೋರ್ಡು ಮಸುಕು ಅಂದಿದ್ದಳು. ಕಣ್ಣಿನ ಕ್ಲಿನಿಕ್ಕಲ್ಲಿ ಪವರ್ ಬದಲಾಗಿದೆ ಅಂತ ಹೊಸ ಕನ್ನಡಕ ಕೊಟ್ಟರು. ಮೂರು ನಾಲ್ಕು ವಾರಕ್ಕೆ ಸರಿಹೋಯಿತು. ಕನ್ನಡಕದಿಂದಲೇ ಸರಿಹೋಯಿತು ಅಂದುಕೊಂಡೆವು. ಅಸಲಿಗೆ ಅದು ಕಣ್ಣಿನ ನರದ ಉರಿಯೂತ, ಎಷ್ಟೋ ಸಲ ತಾನಾಗಿಯೇ ಇಳಿಯುವಂಥದ್ದು. ಕೆಂಪು ಬಣ್ಣ ಮಾಸಿದ ಹಾಗೆ ಕಾಣೋದು ಅದರ ಗುರುತು. ಇದು ಗೊತ್ತಾಗೋಕೆ ನಮಗೆ ಅರ್ಧ ವರ್ಷ ಬೇಕಾಯಿತು.

"ಯಾವ ತಾರೀಖು? ಸರಿಯಾಗಿ ಬೇಕು" ಅಂದರು ಡಾಕ್ಟರ್.

ನಾನು ಕಾರಿಡಾರಿಗೆ ಬಂದು ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ "ಕಣ್ಣು" ಅಂತ ಸರ್ಚ್ ಮಾಡಿದೆ. ಗುಡ್ ಮಾರ್ನಿಂಗ್ ಹೂಗಳು, ಮೋದಕದ ಫೋಟೋಗಳ ನಡುವೆ ಅಕ್ಕನದೇ ಮೆಸೇಜ್ ಸಿಕ್ಕಿತು: "ಪುಟ್ಟಿಗೆ ಕಣ್ಣು ನೋವು, ಇವತ್ತು ಸ್ಕೂಲಿಗೆ ಕಳಿಸಿಲ್ಲ." ಸೆಪ್ಟೆಂಬರ್ 20. ಅದರ ಕೆಳಗೆ ನಾನೇ ಹಾಕಿದ್ದ ಉತ್ತರ: "ಮೊಬೈಲ್ ಕಮ್ಮಿ ನೋಡೋಕೆ ಹೇಳು."

ಸೆಪ್ಟೆಂಬರ್ 20ರಿಂದ ಮಾರ್ಚ್ 28. ಆರು ತಿಂಗಳು, ಎಂಟು ದಿನ.

ಎಂಆರ್‌ಐ, ಬೆನ್ನುಹುರಿ ನೀರಿನ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಆದಮೇಲೆ ಹೆಸರು ಬಂತು. ಮಲ್ಟಿಪಲ್ ಸ್ಕ್ಲೆರೋಸಿಸ್, ಎಲ್ಲರೂ ಎಂಎಸ್ ಅನ್ನೋದು. ನಮ್ಮನ್ನು ಕಾಯೋ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮೈಲಿನ್ ಹೊದಿಕೆಯನ್ನು ತಿನ್ನೋಕೆ ಶುರುಮಾಡುತ್ತೆ. "ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದ ಹಾಗೆ" ಅಂತ ಡಾಕ್ಟರ್ ಭಾವನಿಗೆ ಹೇಳಿದರು. ಆದರೆ ವೈರಿನ ಪ್ಲಾಸ್ಟಿಕ್ ಮತ್ತೆ ಬೆಳೆಯೋಲ್ಲ. ಮೈಲಿನ್ ಅಷ್ಟೋ ಇಷ್ಟೋ ಬೆಳೆಯುತ್ತೆ. ಮಕ್ಕಳಲ್ಲಂತೂ ದೊಡ್ಡವರಿಗಿಂತ ಚೆನ್ನಾಗಿ ಚೇತರಿಕೆ ಆಗುತ್ತೆ. ಇದನ್ನ ನೆನಪಿಟ್ಟುಕೊಳ್ಳಿ. ಮುಂದೆ ನಮ್ಮನ್ನ ದಾರಿ ತಪ್ಪಿಸಿದ್ದೂ ಇದೇ.

ನಮ್ಮಲ್ಲಿ ಇದು ಅಪರೂಪದ ಕಾಯಿಲೆ. ಮಂಗಳೂರು ನಗರದಲ್ಲಿ ಲೆಕ್ಕ ಹಾಕಿದಾಗ ಲಕ್ಷಕ್ಕೆ ಸುಮಾರು 8 ಜನ ಸಿಕ್ಕಿದ್ದರು. ಅವರಲ್ಲಿ 18ಕ್ಕಿಂತ ಮುಂಚೆ ಶುರುವಾಗೋದು ಇನ್ನೂ ಕಡಿಮೆ, ಪ್ರಪಂಚದಾದ್ಯಂತ ಎಂಎಸ್ ಇರುವ ನೂರು ಜನರಲ್ಲಿ ಮೂರೋ ಐದೋ. ಹಾಗಾಗಿ ಸಂಬಂಧಿಕರಿಗೆ ಹೇಳಿದರೆ ಮೊದಲ ಪ್ರಶ್ನೆ "ಪಾರ್ಶ್ವವಾಯುನಾ?", ಎರಡನೆಯದು "ಮದುವೆ ಮಾಡಬಹುದಾ?" 13ರ ಹುಡುಗಿಗೆ!

ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಎರಡನೇ ವಾರಕ್ಕೆ ಗಡಿಯಾರ ಒಂದಾಯಿತು. ಮೂರನೇ ವಾರ ಪುಟ್ಟಿ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಶಟಲ್ ಆಡ್ತಿದ್ದಳು. ಅಕ್ಕ ಬಾಲ್ಕನಿಯಿಂದ ನೋಡುತ್ತಾ, ನನ್ನ ಕಡೆ ತಿರುಗದೆ ಕೇಳಿದಳು.

"ಇವಳು ಮುಂದೆ ನಡೀತಾಳಾ? ನೀನು ಓದಿದ್ದೀಯಲ್ಲ, ಹೇಳು."

ನಾನು ಓದಿರೋದು ಕಂಪ್ಯೂಟರ್ ಸೈನ್ಸ್. ಆದರೆ ಮನೆಯಲ್ಲಿ ಇಂಜಿನಿಯರ್ ಒಬ್ಬನಿದ್ದರೆ ವಾಷಿಂಗ್ ಮಷೀನಿಂದ ಹಿಡಿದು ವಿಮೆವರೆಗೆ ಎಲ್ಲವೂ ಅವನದೇ ಖಾತೆ ಅಂತ ನಿಮಗೂ ಗೊತ್ತಿರುತ್ತೆ. "ನೋಡಿ ಹೇಳ್ತೀನಿ" ಅಂದೆ. ಆಫೀಸಲ್ಲಿ ನನ್ನ ಕೆಲಸವೂ ಅದೇ, ಭವಿಷ್ಯ ಹೇಳೋ ಮಾಡೆಲ್‌ಗಳು. ಯಾವ ಗ್ರಾಹಕ ಮುಂದಿನ ತಿಂಗಳು ಚಂದಾ ನಿಲ್ಲಿಸ್ತಾನೆ ಅಂತ ಅವನ ಹಿಂದಿನ ನಡವಳಿಕೆ ನೋಡಿ ಅಂದಾಜು ಮಾಡೋದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಓದಿದೆ.

ಓದಿದ್ದು ಸುಲಭವಾಗಿ ಅರ್ಥವಾಯಿತು. ಅದೇ ತೊಂದರೆ. ಮಕ್ಕಳ ಎಂಎಸ್ ಹೇಗೆ ಸಾಗುತ್ತೆ ಅಂತ ಹೇಳೋ ಮುಂಚಿನ ಸೂಚನೆಗಳು ನಾನು ದಿನಾ ನೋಡೋ ಕಾಲಮ್‌ಗಳ ಹಾಗೇ ಇದ್ದವು. ಮೊದಲ ದಾಳಿಗೂ ಎರಡನೆಯದಕ್ಕೂ ಅಂತರ ಎಷ್ಟು? ಒಂದು ವರ್ಷದ ಒಳಗಾದರೆ ಒಳ್ಳೆಯದಲ್ಲ. ಮೊದಲ ಎರಡು ವರ್ಷದಲ್ಲಿ ಎಷ್ಟು ದಾಳಿ? ಹೆಚ್ಚಾದಷ್ಟೂ ಕೆಟ್ಟದ್ದು. ದಾಳಿ ಎಲ್ಲಿ ಆಯಿತು? ಕಣ್ಣಿನ ನರದಿಂದ ಶುರುವಾದರೆ ಸ್ವಲ್ಪ ಸಮಾಧಾನ. ಮೆದುಳಿನ ಕಾಂಡ, ಕಿರುಮೆದುಳು, ಬೆನ್ನುಹುರಿಯಲ್ಲಾದರೆ ಆತಂಕ. ಆಮೇಲೆ ಎಷ್ಟು ಚೇತರಿಕೆ ಆಯಿತು? ಪೂರ್ತಿ ಆದರೆ ಒಳ್ಳೆ ಗುರುತು, ಏನಾದರೂ ಕೊರತೆ ಉಳಿದರೆ ಎಚ್ಚರಿಕೆ. ಜೊತೆಗೆ ಮೊದಲ ಎಂಆರ್‌ಐಯಲ್ಲಿ ಗಾಯದ ಚುಕ್ಕೆಗಳು ಎಷ್ಟು, ಎಲ್ಲಿ.

ಪುಟ್ಟಿಯ ಸಾಲು ತುಂಬಿಸಿದೆ. ಶುರು ಕಣ್ಣಿಂದ, ಒಳ್ಳೆಯದು. ಚೇತರಿಕೆ ಪೂರ್ತಿ, ಒಳ್ಳೆಯದು. ಎರಡನೇ ದಾಳಿ ಮೆದುಳಿನ ಕಾಂಡದಲ್ಲಿ, ಒಳ್ಳೆಯದಲ್ಲ. ಎರಡು ಕಾಣ್ತಿದ್ದದ್ದು, ವಾಲ್ತಿದ್ದದ್ದು ಅದಕ್ಕೇ. ಅಂತರ ಆರು ತಿಂಗಳು, ಎಂಟು ದಿನ.

ಆ ಸಂಖ್ಯೆಯ ಮೇಲೆ ತುಂಬ ಹೊತ್ತು ಕಣ್ಣು ನೆಟ್ಟೆ. ಅದು ಇದ್ದದ್ದೇ ಮಗು ದಾಸವಾಳದ ಮಾತು ನೆನಪಿಸಿಕೊಂಡಿದ್ದರಿಂದ. ಅವಳು ಸುಮ್ಮನಿದ್ದಿದ್ದರೆ ಮಾರ್ಚ್ 28ನ್ನೇ ಮೊದಲ ದಾಳಿ ಅಂತ ಬರೆದುಕೊಳ್ಳುತ್ತಿದ್ದರು, ಅಂತರದ ಕಾಲಮ್ ಖಾಲಿ ಇರುತ್ತಿತ್ತು, ನಮ್ಮ ಕಣ್ಣಿಗೆ ಅವಳು ಸ್ವಲ್ಪ ಸುರಕ್ಷಿತವಾಗಿ ಕಾಣುತ್ತಿದ್ದಳು. ಡೇಟಾ ಸರಿ ಇಲ್ಲದಿದ್ದರೆ ಮಾಡೆಲ್ ತಪ್ಪುತ್ತೆ ಅಂತ ಜೂನಿಯರ್‌ಗಳಿಗೆ ವಾರಕ್ಕೊಮ್ಮೆ ಬೈಯುವವನು ನಾನು. ಡೇಟಾ ಬಂದಾಗ "ಮೊಬೈಲ್ ಕಮ್ಮಿ ನೋಡು" ಅಂದವನೂ ನಾನೇ.

ಆ ರಾತ್ರಿ ಸಿಕ್ಕ ಇನ್ನೊಂದು ಸಂಖ್ಯೆಯನ್ನ ಅಕ್ಕನಿಗೆ ಹೇಳಲಿಲ್ಲ. 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ದೊಡ್ಡ ಅಧ್ಯಯನ. ಯುರೋಪಿನಲ್ಲಿ ಚಿಕ್ಕಂದಿನಲ್ಲೇ ಎಂಎಸ್ ಶುರುವಾದ 394 ಜನರನ್ನ, ದೊಡ್ಡವರಾದಮೇಲೆ ಶುರುವಾದ 1775 ಜನರ ಪಕ್ಕದಲ್ಲಿಟ್ಟು ನೋಡಿದ್ದರು. ಮಕ್ಕಳಲ್ಲಿ ಕಾಯಿಲೆ ನಿಧಾನ. ಕೋಲು ಹಿಡಿದು ನಡೆಯುವ ಹಂತಕ್ಕೆ ಬರೋಕೆ ಸುಮಾರು 29 ವರ್ಷ, ದೊಡ್ಡವರಿಗಿಂತ ಹೆಚ್ಚು ಕಾಲ. ಆದರೆ ಶುರುವಾಗಿದ್ದೇ ಬೇಗ ಆದ್ದರಿಂದ, ಆ ಹಂತ ತಲುಪಿದಾಗ ಅವರ ವಯಸ್ಸು 42ರ ಆಸುಪಾಸು. ದೊಡ್ಡವರಲ್ಲಿ ಶುರುವಾದವರಿಗಿಂತ ಹತ್ತು ವರ್ಷ ಚಿಕ್ಕವರು.

ಅಕ್ಕನಿಗೆ ಆಗ 39. ಒಳಗೆ ಮಗಳ ಪಕ್ಕ ಮಲಗಿದ್ದಳು. ಕಾಲು ಹೊದಿಕೆಯಿಂದ ಆಚೆ ಬಂದಿತ್ತು. ಬೆಳಗ್ಗೆ ಎದ್ದು ನಾಲ್ಕು ಮಹಡಿ ಇಳಿದು ಹಾಲು ತರೋಕೆ ಹೋಗುವ ಕಾಲು.

ಎರಡು ದಿನ ಆ 42 ತಲೆಯಲ್ಲಿ ಕೂತಿತ್ತು. ಮೂರನೇ ದಿನ ಆಫೀಸ್ ಬಸ್ಸಲ್ಲಿ, ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಲ್ಲಿ ನಿಂತಿದ್ದಾಗ, ಸರಳವಾದ ಒಂದು ವಿಷಯ ಹೊಳೆಯಿತು. ಮೊದಲ ದಿನವೇ ಹೊಳೆಯಬೇಕಿತ್ತು. 2007ರಲ್ಲಿ ಅಚ್ಚಾದ ಪೇಪರಲ್ಲಿ 29 ವರ್ಷದ ಲೆಕ್ಕ ಇದೆ ಅಂದರೆ, ಆ ಮಕ್ಕಳ ಕಾಯಿಲೆ 1970ರ ದಶಕದಲ್ಲೋ ಅದಕ್ಕೂ ಮುಂಚೆಯೋ ಶುರುವಾಗಿರಬೇಕು. ಎಂಎಸ್ ಹಾದಿಯನ್ನೇ ನಿಧಾನಿಸುವ ಮೊದಲ ಔಷಧಿ ಇಂಟರ್‌ಫೆರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1993ರಲ್ಲಿ. ಅಂದರೆ ಆ ಸಂಖ್ಯೆ ಹೇಳೋದು ಹೆಚ್ಚುಕಮ್ಮಿ ಔಷಧಿ ಇಲ್ಲದ ಕಾಲದ ಕಥೆ. ಅದೂ ಮಧ್ಯದ ಸಂಖ್ಯೆ ಮಾತ್ರ: ಅರ್ಧ ಜನ ಅದಕ್ಕಿಂತ ಬೇಗ, ಇನ್ನರ್ಧ ತಡ. ಹಳೇ ಡೇಟಾ ಮೇಲೆ ಕಟ್ಟಿದ ಮಾಡೆಲ್ಲನ್ನ ನಾನು ಆಫೀಸಲ್ಲಿ ಒಂದು ದಿನವೂ ಒಪ್ಪೋಲ್ಲ. ಮನೆಯಲ್ಲಿ ಎರಡು ದಿನ ಅಳುತ್ತಾ ಒಪ್ಪಿಕೊಂಡಿದ್ದೆ.

ಮನೆಯಲ್ಲಿ ಆಗ ಬೇರೆಯೇ ಯುದ್ಧ. ಡಾಕ್ಟರ್ ದಿನಾ ನುಂಗುವ ಫಿಂಗೋಲಿಮಾಡ್ ಕ್ಯಾಪ್ಸೂಲ್ ಬೇಗ ಶುರುಮಾಡೋಣ ಅಂದಿದ್ದರು. ಭಾವನಿಗೆ ಇಷ್ಟವಿರಲಿಲ್ಲ. "ಸರಿಹೋದ್ಲಲ್ಲ, ಶಟಲ್ ಆಡ್ತಾಳೆ. ಇನ್ನೊಂದು ಸಲ ಬಂದ್ರೆ ನೋಡೋಣ. ರೋಗನಿರೋಧಕ ಶಕ್ತಿನೇ ಕಮ್ಮಿ ಮಾಡೋ ಮಾತ್ರೆ, ಬೆಳೆಯೋ ಹುಡುಗಿಗೆ." ಅಮ್ಮ ಮೈಲಾರಕ್ಕೆ ಹರಕೆ ಹೊತ್ತಿದ್ದಳು, ಅದರ ಫಲ ನೋಡಿ ಆಮೇಲೆ ಅಂತ ಅವಳದು. ಇಬ್ಬರನ್ನೂ ತಪ್ಪು ಅನ್ನೋಕೆ ಆಗ್ತಿರಲಿಲ್ಲ. ಕಣ್ಣೆದುರು ಇದ್ದದ್ದು ಆರೋಗ್ಯವಂತ ಮಗು. ಚೆನ್ನಾಗಿ ಚೇತರಿಸಿಕೊಂಡದ್ದೇ ಕಾಯೋಣ ಅನ್ನೋಕೆ ಕಾರಣ ಆಯಿತು.

ಮುಂದಿನ ಭೇಟಿಯಲ್ಲಿ ಡಾಕ್ಟರ್ ಎಂಆರ್‌ಐ ಫಿಲ್ಮನ್ನ ಲೈಟಿಗೆ ಹಿಡಿದು ಭಾವನಿಗೆ ತೋರಿಸಿದರು. ಎರಡು ದಾಳಿ ನಮಗೆ ಗೊತ್ತು. ಚುಕ್ಕೆಗಳು ಹದಿನಾಲ್ಕು. ಉಳಿದವು ಯಾವಾಗ ಬಂದವು ಅಂತ ಪುಟ್ಟಿಗೂ ಗೊತ್ತಿಲ್ಲ. ಮಕ್ಕಳಲ್ಲಿ ಮೊದಲ ವರ್ಷಗಳಲ್ಲಿ ದಾಳಿಗಳು ದೊಡ್ಡವರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಒಂದೊಂದು ಸಲವೂ ಮಗು ಎದ್ದು ಓಡಾಡುತ್ತೆ, ಆದರೆ ಒಳಗೆ ಮೆದುಳು ವಯಸ್ಸಿಗೆ ತಕ್ಕ ಹಾಗೆ ಬೆಳೆಯೋದು ಕುಂಠಿತ ಆಗ್ತಾ ಬರಬಹುದು ಅಂದರು. "ಈ ಎರಡು ತಾರೀಖು ಇಷ್ಟು ಹತ್ತಿರ ಇದೆ ಅಂತಾನೇ ನಾನು ಅವಸರ ಮಾಡ್ತಿರೋದು. ಎರಡು ವರ್ಷ ಅಂತರ ಇದ್ದಿದ್ರೂ ಕೊಡ್ತಿದ್ದೆ. ಇಷ್ಟು ಜೋರು ಮಾಡ್ತಿರಲಿಲ್ಲ."

ಆಗ ನನಗೆ ನನ್ನ ಕೆಲಸವೇ ಬೇರೆ ಥರ ಕಂಡಿತು. ಈ ಗ್ರಾಹಕ ಬಿಟ್ಟುಹೋಗ್ತಾನೆ ಅಂತ ಮಾಡೆಲ್ ಹೇಳಿದರೆ ನಾವು ಕೈಕಟ್ಟಿ ಕೂರೋಲ್ಲ. ಫೋನ್ ಮಾಡ್ತೀವಿ, ರಿಯಾಯಿತಿ ಕೊಡ್ತೀವಿ. ಅವನು ಉಳಿದರೆ ಮಾಡೆಲ್ ಹೇಳಿದ್ದು ಸುಳ್ಳಾಯಿತು. ಅದಕ್ಕೇ ಅಲ್ಲವಾ ನಮಗೆ ಬೋನಸ್ ಕೊಡೋದು! ಭಾವ ಎಲೆಕ್ಟ್ರಿಕಲ್ ಅಂಗಡಿ ಇಟ್ಟವರು. ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ಇದನ್ನೇ ಅವರಿಗೆ ಹೇಳಿದೆ. ಕೆಟ್ಟ ಸೂಚನೆ ಅಂದರೆ ಹಣೆಬರಹ ಅಲ್ಲ ಭಾವ, ಈಗಲೇ ಕೈಹಾಕಿ ಅನ್ನೋ ನೋಟಿಸು. ಅವರು ಗ್ಲಾಸ್ ಇಟ್ಟು, "ಎಂಸಿಬಿ ಟ್ರಿಪ್ ಆದಂಗೆ" ಅಂದರು. ನನ್ನ ಉದಾಹರಣೆಗಿಂತ ಅದೇ ಚೆನ್ನಾಗಿತ್ತು.

ಆ ಮಾತ್ರೆ ಬಗ್ಗೆಯೂ ಓದಿದ್ದೆ. 10ರಿಂದ 17 ವರ್ಷದ 215 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಇಂಟರ್‌ಫೆರಾನ್ ಇಂಜೆಕ್ಷನ್ ತಗೊಂಡವರಿಗಿಂತ ಇದನ್ನ ತಗೊಂಡವರಲ್ಲಿ ದಾಳಿಗಳ ಪ್ರಮಾಣ ಶೇ 82ರಷ್ಟು ಕಡಿಮೆ. ಅದೇ ವರ್ಷ ಅಮೆರಿಕದಲ್ಲಿ ಮಕ್ಕಳ ಎಂಎಸ್‌ಗೆ ಅಂತ ಮೊದಲ ಸಲ ಅನುಮತಿ ಸಿಕ್ಕ ಔಷಧಿ ಇದು. ಇದು ಎಲ್ಲರಿಗೂ ಆಗಿಬರುತ್ತೆ ಅಂತ ನಾನು ಹೇಳ್ತಿಲ್ಲ. ಬೇರೆ ಔಷಧಿಗಳೂ ಇವೆ, ಆರಿಸೋದು ಡಾಕ್ಟರ್ ಕೆಲಸ. ಮಕ್ಕಳಲ್ಲಿ ಎಂಎಸ್ ಹಾಗೇ ಕಾಣುವ ಮಾಗ್ ಅನ್ನೋ ಪ್ರತಿಕಾಯದ ಕಾಯಿಲೆಯೂ ಇದೆ, ಅದರ ಚಿಕಿತ್ಸೆಯೇ ಬೇರೆ. ಪುಟ್ಟಿಗೆ ಮೊದಲು ಆ ರಕ್ತ ಪರೀಕ್ಷೆ ಮಾಡಿ, ಅದಲ್ಲ ಅಂತ ಖಾತ್ರಿ ಮಾಡಿಕೊಂಡರು.

ಶುರುಮಾಡೋ ಮುಂಚೆ ಇನ್ನೊಂದು ಪ್ರಶ್ನೆ: ಚಿಕನ್‌ಪಾಕ್ಸ್ ಆಗಿದೆಯಾ? ಅಕ್ಕ ನೆನಪಿಲ್ಲ ಅಂದಳು. ಅಮ್ಮ ಮಾತ್ರ, "ಮೂರು ವರ್ಷದವಳಿದ್ದಾಗ ಆಗಿತ್ತು. ಬೇವಿನ ಸೊಪ್ಪು ಹಾಸಿ ನಾನೇ ಮಲಗಿಸಿದ್ದೆ, ನೀನು ಊರಲ್ಲಿರಲಿಲ್ಲ" ಅಂದಳು. ರಕ್ತ ಪರೀಕ್ಷೆಯೂ ಅಮ್ಮನ ಮಾತೇ ಸರಿ ಅಂತು. ಮೊದಲ ಕ್ಯಾಪ್ಸೂಲ್ ದಿನ ಹೃದಯದ ಬಡಿತ ಇಳಿಯಬಹುದು ಅಂತ ಆರು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿ, ಗಂಟೆಗೊಮ್ಮೆ ನಾಡಿ ನೋಡಿದರು. ಪುಟ್ಟಿ ಆ ಆರು ಗಂಟೆಯಲ್ಲಿ ನನ್ನ ಫೋನಿನ ಚಾರ್ಜು ಪೂರ್ತಿ ಖಾಲಿ ಮಾಡಿದಳು. ನಾನು ಏನೂ ಅನ್ನಲಿಲ್ಲ.

ಕಾಲಿನ ಬಗ್ಗೆಯೇ ಇಷ್ಟೊತ್ತು ಬರೆದೆ. ನಿಜ ಹೇಳಬೇಕಂದರೆ ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ.

ಎಂಎಸ್‌ನಲ್ಲಿ ವೈಕಲ್ಯ ಅಳೆಯೋಕೆ ಇಡಿಎಸ್‌ಎಸ್ ಅಂತ ಒಂದು ಅಳತೆಗೋಲಿದೆ, ಸೊನ್ನೆಯಿಂದ 10ರವರೆಗೆ. 1983ರಲ್ಲಿ ಕುರ್ಟ್ಸ್‌ಕೆ ಎಂಬ ಅಮೆರಿಕದ ನ್ಯೂರಾಲಜಿಸ್ಟ್ ರೂಪಿಸಿದ್ದು. 4 ದಾಟಿದರೆ ಅದು ಬಹುಪಾಲು ನಡಿಗೆಯದೇ ಲೆಕ್ಕ: ಆಸರೆ ಇಲ್ಲದೆ ಎಷ್ಟು ಮೀಟರ್, ಕೋಲು ಬೇಕಾ, ಗಾಲಿಕುರ್ಚಿ ಬೇಕಾ. ನಾನು ಓದಿದ ಬಹುತೇಕ ಅಧ್ಯಯನಗಳು ವೈಕಲ್ಯ ಅಂದದ್ದು ಇದೇ ಕೋಲಿನ ಲೆಕ್ಕದಲ್ಲಿ. ಪುಟ್ಟಿಯ ಅಂಕ 1.5. ನಾವು ಅದನ್ನ ರಿಪೋರ್ಟ್ ಕಾರ್ಡಿನ ಹಾಗೆ ಮನೆಮಂದಿಗೆಲ್ಲ ಹೇಳಿಕೊಂಡು ಖುಷಿಪಟ್ಟೆವು.

ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಪೇಪರಲ್ಲಿ ಕೊನೇ ಎರಡು ಪುಟ ಖಾಲಿ. ಮಾಡಿದ ಲೆಕ್ಕವೆಲ್ಲ ಸರಿ. "ಸೋಮಾರಿತನ, ಗಮನ ಕಡಿಮೆ" ಅಂತ ಶಾಲೆಯವರು ಷರಾ ಬರೆದಿದ್ದರು. ಅಕ್ಕನೂ ಬೈದಳು. ನನಗೆ ಫೋನಲ್ಲಿ ಪುಟ್ಟಿ ಹೇಳಿದ್ದು ಇಷ್ಟೇ: "ಮಾಮ, ಗೊತ್ತಿರುತ್ತೆ. ಬರೋದು ಲೇಟಾಗುತ್ತೆ."

ಮುಂದಿನ ಭೇಟಿಯಲ್ಲಿ ಇದನ್ನ ಹೇಳಿದಾಗ ಒಂದು ಹಾಳೆ ಕೊಟ್ಟರು. ಮೇಲೆ ಒಂಬತ್ತು ಚಿಹ್ನೆ, ಪ್ರತಿಯೊಂದರ ಕೆಳಗೆ 1ರಿಂದ 9ರವರೆಗೆ ಒಂದು ಅಂಕಿ. ಕೆಳಗೆ ಸಾಲುಸಾಲು ಚಿಹ್ನೆ. 90 ಸೆಕೆಂಡಲ್ಲಿ ಎಷ್ಟು ಅಂಕಿ ಸರಿಯಾಗಿ ಹೇಳ್ತಾಳೆ ಅಂತ. ಪಕ್ಕದಲ್ಲಿ ಕೂತು ನಾನೂ ಮನಸ್ಸಲ್ಲೇ ಮಾಡಿದೆ. ಅವಳು ಒಂದೂ ತಪ್ಪು ಮಾಡಲಿಲ್ಲ. ಆದರೆ ಪ್ರತಿ ಚಿಹ್ನೆಗೂ ಕಣ್ಣು ಮೇಲೆ ಹೋಗಿ, ಕೆಳಗೆ ಬಂದು, ಆಮೇಲೆ ಬಾಯಿ ತೆರೆಯುತ್ತಿತ್ತು. ವಯಸ್ಸಿಗೆ ಇರಬೇಕಾದ ವೇಗಕ್ಕಿಂತ ಸಾಕಷ್ಟು ಕಡಿಮೆ. ಎಂಎಸ್ ಇರುವ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗಾದರೂ ಯೋಚನೆಯ ವೇಗ, ನೆನಪು, ಗಮನದಲ್ಲಿ ಇಂಥ ತೊಂದರೆ ಕಾಣುತ್ತಂತೆ. ಶುರುವಾದ ವಯಸ್ಸು ಚಿಕ್ಕದಾದಷ್ಟೂ ಸಾಧ್ಯತೆ ಹೆಚ್ಚು. ಕಾಲಿನ ಅಳತೆಗೋಲಲ್ಲಿ ಇದು ಹೆಚ್ಚುಕಮ್ಮಿ ಕಾಣೋದೇ ಇಲ್ಲ.

ಅಕ್ಕ ಆಟೋದಲ್ಲಿ ಮಗಳ ಕೈ ಹಿಡಿದುಕೊಂಡೇ ಕೂತಿದ್ದಳು. ಎರಡು ತಿಂಗಳ ಬೈಗುಳ ಅವಳ ಗಂಟಲಲ್ಲಿತ್ತು ಅಂತ ನನಗೆ ಗೊತ್ತಿತ್ತು. ಕಣ್ಣಿನ ವಿಷಯದಲ್ಲಿ ನಾನು ಮಾಡಿದ್ದನ್ನೇ ಈಗ ಎಲ್ಲರೂ ಸೇರಿ ಮತ್ತೆ ಮಾಡಿದ್ದೆವು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ. ಆದರೆ ಮೀಸಲಾತಿಯಂಥ ಹಲವು ಸೌಲಭ್ಯಕ್ಕೆ ಶೇ 40 ದಾಟಬೇಕು. ಪುಟ್ಟಿ ಅದರ ಹತ್ತಿರಕ್ಕೂ ಬರೋಲ್ಲ, ಬರಬಾರದು ಅಂತಾನೇ ಇಷ್ಟೆಲ್ಲ ಮಾಡ್ತಿರೋದು. ಕೊನೆಗೆ ಡಾಕ್ಟರ್ ಪತ್ರ ಹಿಡಿದು ಭಾವ ಹೆಡ್‌ಮಾಸ್ಟರ್ ಹತ್ತಿರ ಹೋದರು. ಎರಡು ಸಲ ಆಗಲಿಲ್ಲ. ಮೂರನೇ ಸಲ, ಶಾಲೆಯ ಪರೀಕ್ಷೆಗಳಿಗಾದರೂ ಅರ್ಧ ಗಂಟೆ ಹೆಚ್ಚು ಕೊಡೋಕೆ ಒಪ್ಪಿದರು. ಆ ವರ್ಷದ ಕೊನೇ ಗಣಿತದ ಪೇಪರಲ್ಲಿ ಖಾಲಿ ಪುಟ ಇರಲಿಲ್ಲ. ಎಸ್ಸೆಸ್ಸೆಲ್ಸಿಗೆ ಏನು ಮಾಡೋದು ಅಂತ ಈಗಿನಿಂದಲೇ ಓಡಾಡ್ತಿದ್ದೇವೆ.

ಮಾತ್ರೆ ಶುರುವಾಗಿ ಈಗ ಒಂದೂವರೆ ವರ್ಷ. ಮೊದಲ ಆರು ತಿಂಗಳ ಎಂಆರ್‌ಐಯಲ್ಲಿ ಒಂದು ಚಿಕ್ಕ ಹೊಸ ಚುಕ್ಕೆ, ಆಮೇಲೆ ಇಲ್ಲ. ದಾಳಿ ಆಗಿಲ್ಲ. ಹೋದ ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲಲ್ಲಿ ಆಡಿ ಬಂದಾಗ ಎಡಗಣ್ಣು ಮತ್ತೆ ಮಂಜಾಯಿತು, ಅಕ್ಕ ಅಳುತ್ತಾ ಫೋನ್ ಮಾಡಿದಳು. ಮೈ ಬಿಸಿಯಾದಾಗ ಹಳೇ ಗಾಯದ ಲಕ್ಷಣ ತಾತ್ಕಾಲಿಕವಾಗಿ ಮರಳುತ್ತಂತೆ. ತಣ್ಣೀರು ಸ್ನಾನ ಮಾಡಿ ಫ್ಯಾನ್ ಕೆಳಗೆ ಕೂತ ಮೇಲೆ ಹೋಯಿತು. ಜ್ವರ ಇಲ್ಲದೆ 24 ಗಂಟೆಗಿಂತ ಹೆಚ್ಚು ಇದ್ದರೆ ಮಾತ್ರ ದಾಳಿ ಅಂತ ಲೆಕ್ಕ. ಈ ನಿಯಮ ಈಗ ಅಕ್ಕನ ಫ್ರಿಜ್ ಬಾಗಿಲ ಮೇಲಿದೆ.

ಬಾಲ್ಕನಿಯಲ್ಲಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ತುಂಬ ತಡವಾಗಿ, ಮೊದಲ ಕ್ಯಾಪ್ಸೂಲ್ ಆದ ರಾತ್ರಿ. 42ರ ಕಥೆಯನ್ನೂ ಹೇಳಿದೆ, ಅದು ಯಾವ ಕಾಲದ್ದು ಅಂತಲೂ ಹೇಳಿದೆ. ಅಕ್ಕ ಬೆರಳಲ್ಲಿ ಎಣಿಸಿದಳು. "ಆಗ ನಂಗೆ ಎಷ್ಟಾಗಿರುತ್ತೆ? ಅರವತ್ತೆಂಟು. ಅಷ್ಟೊತ್ತಿಗೆ ನಂಗೇ ಕೋಲು ಬೇಕಾಗಿರುತ್ತೆ ಬಿಡು" ಅಂದಳು. ಆಮೇಲೆ ಅತ್ತಳು.

ಆ ವಾರದಿಂದ ಫೋನಲ್ಲಿ ಹಂಚಿಕೊಂಡ ಒಂದು ಶೀಟ್ ಇಟ್ಟಿದ್ದೇವೆ. ತಾರೀಖು, ಏನಾಯಿತು, ಎಷ್ಟು ಹೊತ್ತು. ಮೊದಲ ಸಾಲು ಸೆಪ್ಟೆಂಬರ್ 20, ಕೆಂಪು ದಾಸವಾಳ. ಮೊದಮೊದಲು ನಾನು ತುಂಬಿಸುತ್ತಿದ್ದೆ, ಆಮೇಲೆ ಅಕ್ಕ. ಈಗ ಒಂಬತ್ತನೇ ಕ್ಲಾಸಿನ ಪುಟ್ಟಿಯೇ ಅದರ ಒಡತಿ. ಹೋದ ವಾರ ಅಕ್ಕ "ಎಡಗೈ ಜುಮ್, 20 ನಿಮಿಷ" ಅಂತ ಬರೆದಿದ್ದನ್ನ ನಾನು ಆಫೀಸಲ್ಲಿ ನೋಡಿ ಎದೆ ಹಿಡಿದುಕೊಂಡೆ. ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಸಾಲು ಮಾಯ. ಪಕ್ಕದ ಕಾಮೆಂಟಲ್ಲಿ ಪುಟ್ಟಿ ಬರೆದಿದ್ದಳು: "ಕೈ ಮೇಲೆ ಮಲಗಿದ್ದೆ. ಡಿಲೀಟ್ ಮಾಡಿದೀನಿ."